ದೀಪ ಹಿಡಿದವಳ ಮುಖ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಕಂಡವರು ಆ ಒಂದು ಚಿತ್ರವನ್ನು ಮರೆಯಲಾರರು. ಸೀರೆಯುಟ್ಟ ಹೆಣ್ಣೊಬ್ಬಳು ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತಿದ್ದಾಳೆ. ಅದನ್ನು ರವಿವರ್ಮನ ಚಿತ್ರವೆಂದೇ ಹಲವರು ನಂಬಿದ್ದಾರೆ. ಹುಣಸೂರು, ಗುರುಪುರದ ಕಡೆಯಿಂದ ದಸರೆಗೆ ಬಂದು ನೋಡಿ ಹೋದವರಿಂದಲೂ, ಮೈಸೂರಿನ ವಿದ್ಯಾವಂತರಿಂದಲೂ ಈ ಮಾತನ್ನು ಕೇಳಿದ್ದೇನೆ. ರವಿವರ್ಮನ ಚಿತ್ರಗಳೂ ಅದೇ ಚಿತ್ರಶಾಲೆಯಲ್ಲಿರುವುದರಿಂದ ಹೀಗಾಗಿರಬಹುದು.

ಕಾಲದ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲದಣಕರ್ (1882–1968). ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ಊರಿನಲ್ಲಿ ತಮ್ಮದೊಂದು ಕಲಾಶಾಲೆ ತೆರೆದವರು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ನೂರು ವರ್ಷ ದಾಟಿ ಬಾಳಿ 2018ರಲ್ಲಿ ಕಣ್ಮುಚ್ಚಿದರು.

ಹೆಸರು ತಪ್ಪಿದರೆ ನೋಟವೂ ತಪ್ಪುತ್ತದೆ. ರವಿವರ್ಮನ ದಮಯಂತಿ, ಶಕುಂತಲೆಯರ ಮನಸ್ಸು ಕಥೆಯ ಮೂಲಕ ನಮಗೆ ಮೊದಲೇ ಗೊತ್ತು. ಇವಳ ಹಿಂದೆ ಅಂಥ ಕಥೆಯಿಲ್ಲ. ಇವಳ ಭಾವವನ್ನು ಬೆಳಕೇ ಹೇಳಬೇಕು. ಬೆಳಕಿಗಿರುವುದು ಆ ಒಂದೇ ಕುಡಿ. ಅದು ಕೆಳಗಿನಿಂದ ಹಬ್ಬಿ ಮುಖವನ್ನು ಮುಟ್ಟುತ್ತದೆ, ಮರೆಮಾಡಿದ ಬೆರಳುಗಳ ನಡುವೆ ಕೆಂಪಾಗಿ ಸೋರುತ್ತದೆ, ಅದರಾಚೆಗೆ ಕತ್ತಲೆ.

ಇದು ಜಲವರ್ಣದ ಚಿತ್ರವೆಂಬುದನ್ನು ಮರೆಯಬಾರದು. ತೈಲವರ್ಣದಲ್ಲಿ ಕಪ್ಪಿನ ಮೇಲೂ ಬಿಳಿ ಬಳಿದು ಬೆಳಕು ತರಬಹುದು. ತಿಳಿಯಾದ ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಬೆಳಗಬೇಕಾದ ಜಾಗವನ್ನು ಮೊದಲಿನಿಂದಲೂ ಬಣ್ಣ ತಾಗದಂತೆ ಕಾಯಬೇಕು. ಒಮ್ಮೆ ಕಪ್ಪು ಹರಿದರೆ ಆ ಬಿಳುಪು ಮರಳಿ ಬರುವುದು ಕಷ್ಟ. ಮಗಳು ಕೈಯಿಂದ ಮಾಡಿದ್ದನ್ನೇ ತಂದೆ ಕುಂಚದಿಂದ ಮಾಡಿದ್ದಾರೆ.

ಚಿತ್ರದ ಇಂಗ್ಲಿಷ್ ಹೆಸರಿಗೆ 'ಭರವಸೆಯ ಬೆಳಕು' ಎಂದು ಅರ್ಥ. ಆ ಮುಖದಲ್ಲಿ ನನಗೆ ಹೆಚ್ಚಾಗಿ ಕಾಣುವುದು ಎಚ್ಚರ. ಸಂಜೆ ದೀಪ ಹಚ್ಚಿ, ನಡುಮನೆಯಿಂದ ತುಳಸಿಕಟ್ಟೆಯವರೆಗೆ ಗಾಳಿಗೆ ಆರದಂತೆ ಒಯ್ದ ನಮ್ಮ ತಾಯಂದಿರ ಮುಖದ ಎಚ್ಚರವೂ ಇಂಥದೇ. ಕಾಯುವ ಕೈಯಿಲ್ಲದೆ ಭರವಸೆ ಎಷ್ಟು ಹೊತ್ತು ನಿಂತೀತು?

ಮನೆಯ ಮಗಳೊಬ್ಬಳನ್ನು ನಾವು ಪುರಾಣದ ನಾಯಿಕೆಯರ ಸಾಲಿಗೆ ಸೇರಿಸಿ, ಅವಳ ತಂದೆಯ ಹೆಸರನ್ನು ಅಳಿಸಿಬಿಟ್ಟೆವು. ರವಿವರ್ಮನ ಕೀರ್ತಿಗೆ ಈ ಸಾಲದ ದೀಪ ಬೇಕಾಗಿಲ್ಲ. ಹಲದಣಕರರ ಹೆಸರನ್ನು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು. ಚಿತ್ರದ ಋಣ ಅಷ್ಟರಮಟ್ಟಿಗೆ ತೀರುತ್ತದೆ.