ಹೊಕ್ಕುಳಬಳ್ಳಿಯ ಹರಿವು: ಮಂಡ್ಯ ಸೀಮೆಯಲ್ಲಿ ಡಾಪ್ಲರ್ ಪರೀಕ್ಷೆಯ ವಿಚಾರ

ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ಗದ್ದೆಯನ್ನುಳ್ಳ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತನಿಗೆ, ಕೃಷ್ಣರಾಜಸಾಗರದಲ್ಲಿ ನೀರೆಷ್ಟು ನಿಂತಿದೆಯೆಂಬುದಕ್ಕಿಂತ ತನ್ನ ತೂಬಿನವರೆಗೆ ಅದು ಬಂದು ಮುಟ್ಟುವುದೋ ಇಲ್ಲವೋ ಎಂಬುದೇ ಜೀವನ್ಮರಣದ ಪ್ರಶ್ನೆ. ಗರ್ಭಸ್ಥ ಶಿಶುವಿನ ರಕ್ತಸಂಚಾರವನ್ನು ಶ್ರವಣಾತೀತ ಶಬ್ದದಿಂದ ಅಳೆಯುವ ಡಾಪ್ಲರ್ ಪರೀಕ್ಷೆಯು ಕೇಳತಕ್ಕದ್ದೂ ಇಂಥ ಪ್ರಶ್ನೆಯನ್ನೇ. ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಶಿಶುವಿನ ಆಕಾರ, ಅಳತೆಗಳು ಕಾಣುತ್ತವೆ; ಇದರಲ್ಲಿ ಕಾಣುವುದು ಹರಿವು. "ಮಗೀಗೆ ರಕ್ತ ಸರ್ಯಾಗಿ ಹರೀತೈತಾ ಅಂತ ನೋಡ್ತಾರಂತೆ" ಎಂದು ಈ ಸೀಮೆಯ ಅಜ್ಜಿಯೊಬ್ಬಳು ಹೇಳಿದರೆ, ಆ ಮಾತಿಗೆ ಶಾಸ್ತ್ರವು ತಿದ್ದುಪಡಿ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ.

ಕ್ರಿಶ್ಚಿಯನ್ ಡಾಪ್ಲರನು 1842ರಲ್ಲಿ ಪ್ರಾಗ್ ನಗರದಲ್ಲಿ ಈ ತತ್ತ್ವವನ್ನು ಮಂಡಿಸಿದಾಗ ಅವನ ಲಕ್ಷ್ಯವಿದ್ದುದು ಯುಗ್ಮನಕ್ಷತ್ರಗಳ ವರ್ಣದಲ್ಲಿ. ಚಲಿಸುತ್ತಿರುವ ವಸ್ತುವಿನಿಂದ ಬರುವ ತರಂಗದ ಆವರ್ತನವು ಬದಲಾಗುವುದೆಂಬ ಆ ತತ್ತ್ವವನ್ನೇ ಆಶ್ರಯಿಸಿ, ರಕ್ತಕಣಗಳಿಗೆ ತಗುಲಿ ಮರಳುವ ಶಬ್ದದ ವ್ಯತ್ಯಾಸದಿಂದ ಹರಿವಿನ ವೇಗವನ್ನು ಎಣಿಸುವ ವಿಧಾನವು, 1977ರಲ್ಲಿ ಡಬ್ಲಿನ್ನಿನ ಫಿಟ್ಸ್‌ಜೆರಾಲ್ಡ್ ಮತ್ತು ಡ್ರಮ್ ಎಂಬುವರಿಂದ ಹೊಕ್ಕುಳಬಳ್ಳಿಗೆ ಅನ್ವಯಿಸಲ್ಪಟ್ಟಿತು. ಆ ಬಳ್ಳಿಯೊಳಗೆ ಎರಡು ಅಪಧಮನಿಗಳೂ ಒಂದು ಅಭಿಧಮನಿಯೂ ಇವೆ. ಅಪಧಮನಿಯೆಂದೊಡನೆ ಶುದ್ಧರಕ್ತವೆಂದು ಶಾಲೆಯಲ್ಲಿ ಕಲಿತ ನಮಗೆ ವಿಚಿತ್ರವೆನಿಸಿದರೂ, ಇಲ್ಲಿ ಅವು ಶಿಶುವು ಬಳಸಿದ ರಕ್ತವನ್ನು ಮಾಸಿನ ಕಡೆಗೆ ಒಯ್ಯುವಂಥವು. ಮಾಸು ಆರೋಗ್ಯವಾಗಿದ್ದು ಅದರ ಸೂಕ್ಷ್ಮ ನಾಳಗಳು ದಿನೇ ದಿನೇ ಹರಡಿಕೊಂಡರೆ, ಶಿಶುವಿನ ಹೃದಯವು ಸಂಕೋಚಿಸಿದಾಗ ಮಾತ್ರವಲ್ಲದೆ ವಿಶ್ರಮಿಸುವ ಕ್ಷಣದಲ್ಲಿಯೂ ರಕ್ತವು ಮುಂದಕ್ಕೆ ಹರಿಯುತ್ತಲೇ ಇರುವುದು. ಆ ನಾಳಗಳು ಮುಚ್ಚಿಕೊಳ್ಳುತ್ತ ಬಂದಂತೆ ವಿಶ್ರಾಂತಿಕಾಲದ ಹರಿವು ಮೊದಲು ಕ್ಷೀಣಿಸಿ, ಆಮೇಲೆ ನಿಂತು, ಕಡೆಗೆ ಹಿಮ್ಮುಖವಾಗುವುದು. ನಾಲೆಯ ನೀರು ಮೇಲ್ಮುಖವಾಗಿ ಹರಿದುದನ್ನು ಕಂಡ ರೈತನಿಲ್ಲವಾದ್ದರಿಂದ ನಮ್ಮ ಉಪಮಾನವು ಇಲ್ಲಿಗೆ ಮುಗಿಯುತ್ತದೆ. ಇತ್ತ ಸಂಕಟಕ್ಕೊಳಗಾದ ಶಿಶುವು ಉಳಿದ ಅಂಗಗಳ ಪಾಲನ್ನು ಕಡಿಮೆಮಾಡಿ ಮಿದುಳಿನ ನಾಳಗಳನ್ನು ಹಿಗ್ಗಿಸಿಕೊಳ್ಳುವುದರಿಂದ, ಮಿದುಳಿನ ಮಧ್ಯ ಅಪಧಮನಿಯಲ್ಲಿ ರೋಧವು ಇಳಿದಿರುವುದನ್ನು ಯಂತ್ರವು ತೋರಿಸುತ್ತದೆ.

ಹಾಗೆಂದು ಪ್ರತಿಯೊಬ್ಬ ಬಸುರಿಗೂ ಈ ಪರೀಕ್ಷೆ ಬೇಕೆನ್ನುವುದು ಯುಕ್ತವಲ್ಲ. ಅಪಾಯವುಳ್ಳ ಗರ್ಭಗಳಲ್ಲಿ ಇದರ ಬಳಕೆಯಿಂದ ಜನನದ ಆಸುಪಾಸಿನ ಶಿಶುಮರಣವು ಸುಮಾರು ಶೇಕಡಾ 29ರಷ್ಟು ತಗ್ಗಿದುದು ಹಲವು ಪ್ರಯೋಗಗಳನ್ನು ಕೂಡಿಸಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯಲ್ಲಿ ಕಂಡುಬಂದಿದೆ. ಅಪಾಯವಿಲ್ಲದ ಗರ್ಭಗಳಲ್ಲಿ ಅಂಥ ಪ್ರಯೋಜನವು ಸಿದ್ಧಪಟ್ಟಿಲ್ಲ. ರಕ್ತದೊತ್ತಡವೇರಿದವಳು, ಹಿಂದೆ ಮಗುವನ್ನು ಗರ್ಭದಲ್ಲಿಯೇ ಕಳೆದುಕೊಂಡವಳು, ತಿಂಗಳಿಗೆ ತಕ್ಕಂತೆ ಹೊಟ್ಟೆ ಬೆಳೆಯದವಳು, ಇಂಥವರನ್ನು ಆಶಾ ಕಾರ್ಯಕರ್ತೆಯೂ ತಾಯಿ ಕಾರ್ಡೂ ಮೊದಲೇ ಗುರುತಿಸಿಕೊಟ್ಟರೆ, ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ವಿಶೇಷ ಗರ್ಭಿಣೀ ತಪಾಸಣೆಯು ಸಾರ್ಥಕವಾದೀತು. ವಿಶ್ರಾಂತಿಕಾಲದ ಹರಿವು ನಿಂತಿದೆಯೆಂದು ತಿಳಿದಾಗ ಸುಮಾರು 34ನೆಯ ವಾರದ ವೇಳೆಗೇ ಹೆರಿಗೆ ಮಾಡಿಸುವ ಪ್ರಸಂಗ ಬರಬಹುದಾದ್ದರಿಂದ, ಮಳವಳ್ಳಿಯ ಹಳ್ಳಿಯವಳು ನವಜಾತ ಶಿಶುಗಳ ತೀವ್ರನಿಗಾ ಘಟಕವುಳ್ಳ ಆಸ್ಪತ್ರೆಯನ್ನು ಸಕಾಲದಲ್ಲಿ ಸೇರುವುದೂ ಪರೀಕ್ಷೆಯಷ್ಟೇ ಮುಖ್ಯ.

ಈ ಜಿಲ್ಲೆಯಲ್ಲಿ ಸ್ಕ್ಯಾನಿಂಗೆಂಬ ಶಬ್ದಕ್ಕೆ ಅಂಟಿಕೊಂಡಿರುವ ಕಳಂಕವನ್ನು ಮರೆಮಾಚಿ ಬರೆಯುವುದು ಸಾಧ್ಯವಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣಹತ್ಯೆಯ ಜಾಲದಲ್ಲಿ, ಲಿಂಗಪತ್ತೆಗಾಗಿ ಯಂತ್ರವನ್ನು ಇರಿಸಿದ್ದುದು ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ. ಬೆಲ್ಲದ ಪಾಕ ಕುದಿಯಬೇಕಾದ ಸ್ಥಳದಲ್ಲಿ! ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾನೂನಿನ ಮೇರೆಗೆ ಯಂತ್ರವು ನೋಂದಾಯಿತವಾಗಿರಬೇಕು, ಗರ್ಭಿಣಿಯ ಪ್ರತಿಯೊಂದು ಸ್ಕ್ಯಾನಿಂಗಿಗೂ ಕಾರಣಸಹಿತವಾಗಿ 'ಫಾರ್ಮ್ ಎಫ್' ತುಂಬಬೇಕು. ಬರವಣಿಗೆಯ ತಪ್ಪಿಗೂ ಶಿಕ್ಷೆಯೇ ಎಂದು ಪ್ರಸೂತಿ ವೈದ್ಯರ ಒಕ್ಕೂಟವು ಆಕ್ಷೇಪಿಸಿದಾಗ, 2019ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮನ್ನಿಸಲಿಲ್ಲ. ವೈದ್ಯರ ಬೇಸರವು ಅರ್ಥವಾಗತಕ್ಕದ್ದಾದರೂ, ಆಲೆಮನೆಯ ಕಥೆಯನ್ನು ಕೇಳಿದ ಮೇಲೆ ಆ ನಿರ್ಣಯವೇ ಸರಿಯೆಂದು ನನಗೆ ತೋರುತ್ತದೆ. ಹರಿವನ್ನು ಅಳೆಯುವುದಕ್ಕೆ ಶಿಶುವು ಗಂಡೋ ಹೆಣ್ಣೋ ಎಂಬ ಅರಿವು ಎಲ್ಲಿಯೂ ಬೇಕಾಗುವುದಿಲ್ಲವಷ್ಟೆ.

ಕಡೆಯದಾಗಿ ಪರೀಕ್ಷಕರಲ್ಲಿ ಒಂದು ಬಿನ್ನಹ. ಹರಿವಿಗಿರುವ ರೋಧವನ್ನು ತೋರಿಸುವ ಹೊಕ್ಕುಳ ಅಪಧಮನಿಯ ಸ್ಪಂದನ ಸೂಚ್ಯಂಕವು 1.3 ಎಂದು ಮಾತ್ರ ಬರೆದರೆ ಓದುವವರಿಗೆ ಏನೂ ತಿಳಿಯದು. ಅದೇ ಅಂಕಿಯು 24ನೆಯ ವಾರದಲ್ಲಿ ಸಹಜ, 38ನೆಯ ವಾರದಲ್ಲಿ ಅಪಾಯದ ಲಕ್ಷಣ. ಆದುದರಿಂದ ಮದ್ದೂರಿನಲ್ಲಿ ಬರೆದ ವರದಿಯನ್ನು ಮಂಡ್ಯದಲ್ಲಿ ಓದುವ ವೈದ್ಯರಿಗಾಗಿ, ಸೂಚ್ಯಂಕದ ಪಕ್ಕದಲ್ಲಿಯೇ ಗರ್ಭದ ವಾರವನ್ನು ದಯಮಾಡಿ ನಮೂದಿಸಿರಿ.