ಬೆಳ್ಳಿ ನಾಣ್ಯಗಳಲ್ಲಿ ರೋಮಿನ ರಾಜಮಾತೆಯರು

ಉರ್ದು ಓದುವ ನಮ್ಮ ವಿದ್ಯಾರ್ಥಿಗಳಿಗೆ 'ದೀನಾರ್' ಪದ ಹೊಸದೇನಲ್ಲ. ಅದರ ಮೂಲ ರೋಮನ್ನರ 'ದಿನಾರಿಯಸ್'. ಅರಬರ ದೀನಾರ್ ಚಿನ್ನದ್ದಾದರೆ, ದಿನಾರಿಯಸ್ ಬೆಳ್ಳಿಯ ನಾಣ್ಯ. ತೂಕ ನಾಲ್ಕು ಗ್ರಾಂಗಿಂತ ತುಸು ಕಡಿಮೆ. ಪತ್ರಿಕೆ, ರೇಡಿಯೋ ಇಲ್ಲದ ಆ ಕಾಲದಲ್ಲಿ ದೊರೆಯ ಮುಖ ಪ್ರಜೆಗಳ ಕೈಗೆ ತಲುಪುತ್ತಿದ್ದುದು ನಾಣ್ಯದ ಮೂಲಕ. ಹಾಗಾಗಿ ಅದರ ಮೇಲೆ ಯಾರ ಹೆಸರಿದೆ ಎಂಬುದು ಸಣ್ಣ ವಿಷಯವಾಗಿರಲಿಲ್ಲ.

ಟೈಬೀರಿಯಸ್ ಚಕ್ರವರ್ತಿಯ (ಕ್ರಿ.ಶ. 14–37) ದಿನಾರಿಯಸ್ ನೋಡಿ. ಒಂದು ಬದಿಯಲ್ಲಿ ಅವನ ತಲೆ, ಇನ್ನೊಂದು ಬದಿಯಲ್ಲಿ ಕೈಯಲ್ಲಿ ರೆಂಬೆ ಹಿಡಿದು ಕುಳಿತ ಒಬ್ಬ ಸ್ತ್ರೀ. ಆಕೆ ಅವನ ತಾಯಿ ಲಿವಿಯಾ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆದರೆ ಹೆಸರಿಲ್ಲ! ಸುತ್ತಲೂ ಮಗನ ಪದವಿಯನ್ನೇ ಕೆತ್ತಲಾಗಿದೆ. ಟೈಬೀರಿಯಸನ ಬೆಳ್ಳಿ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ಕರ್ನಾಟಕಕ್ಕೂ ಬಂದು, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ದೊರೆತಿವೆ.

ಇನ್ನು ಅಗ್ರಿಪ್ಪಿನಾ. ಪತಿ ಕ್ಲಾಡಿಯಸ್ 54ರಲ್ಲಿ ತೀರಿಕೊಂಡಾಗ ಹದಿನಾರು ವರ್ಷದ ಮಗ ನೀರೋ ಪಟ್ಟಕ್ಕೆ ಬಂದ. ಆ ವರ್ಷದ ನಾಣ್ಯದಲ್ಲಿ ತಾಯಿ-ಮಗ ಎದುರುಬದುರಾಗಿದ್ದಾರೆ. ಮುಂಬದಿಯ ಅಕ್ಷರಗಳು ತಾಯಿಯವು. ಚಕ್ರವರ್ತಿಯ ಬಿರುದುಗಳು ಹಿಂಬದಿಗೆ ಸರಿದಿವೆ. ಮರುವರ್ಷ, 55ರಲ್ಲಿ, ಮುಂಬದಿಗೆ ನೀರೋ ಹೆಸರು ಬಂತು. ಅವನ ಮುಖದ ಹಿಂದೆ ತಾಯಿಯ ಮುಖ ಅರೆಬರೆ ಕಾಣುತ್ತದೆ, ಆಕೆಯ ಹೆಸರು ಹಿಂಬದಿಗೆ ಹೋಗಿದೆ. ಆಮೇಲೆ ರೋಮಿನ ಟಂಕಸಾಲೆಯ ಚಿನ್ನ-ಬೆಳ್ಳಿ ನಾಣ್ಯಗಳಲ್ಲಿ ಆಕೆಯೇ ಇಲ್ಲ. 59ರಲ್ಲಿ ಮಗನೇ ತಾಯಿಯನ್ನು ಕೊಲ್ಲಿಸಿದ.

ಇತಿಹಾಸಕಾರ ಟ್ಯಾಸಿಟಸ್ ಅಗ್ರಿಪ್ಪಿನಾಳನ್ನು ಅಧಿಕಾರದಾಹಿಯೆಂದು ಚಿತ್ರಿಸಿದ್ದಾನೆ. ಅವನು ಬರೆದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಾಣ್ಯಗಳಾದರೋ ಆಯಾ ವರ್ಷವೇ ಅಚ್ಚಾದವು. ಅವು ಆಕೆಯ ಗುಣಾವಗುಣ ಹೇಳುವುದಿಲ್ಲ. ಅಧಿಕಾರ ಕೈತಪ್ಪಿದ ವೇಗವನ್ನು ಮಾತ್ರ ತೋರಿಸುತ್ತವೆ. ನನಗಂತೂ ಈ ಸಾಕ್ಷ್ಯವೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ.

ಎರಡನೆಯ ಶತಮಾನದಲ್ಲಿ ರಾಣಿಯರ ಮುಖ ಮತ್ತು ಹೆಸರಿನಲ್ಲೇ ಪ್ರತ್ಯೇಕ ದಿನಾರಿಯಸ್‌ಗಳು ಬರುವುದು ರೂಢಿಯಾಯಿತು. ಇವರಲ್ಲಿ ಹೆಸರಿಸಬೇಕಾದವಳು ಆ ಶತಮಾನದ ಕೊನೆಗೆ ಬಂದ ಜೂಲಿಯಾ ಡೊಮ್ನಾ. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಪತ್ನಿಯಾದ ಈಕೆ ಸಿರಿಯಾದ ಎಮೆಸಾ, ಅಂದರೆ ಇಂದಿನ ಹೋಮ್ಸ್ ನಗರದವಳು. ಈಕೆಗೆ 'ಸೇನಾ ಶಿಬಿರಗಳ ತಾಯಿ' ಎಂಬ ಬಿರುದೂ ಇತ್ತು. ಮಗ ಕಾರಕಲ್ಲ 215ರಲ್ಲಿ ಹೊಸದೊಂದು ಬೆಳ್ಳಿ ನಾಣ್ಯ ಹೊರಡಿಸಿದ. ಅದರಲ್ಲಿ ಅವನ ತಲೆಗೆ ಸೂರ್ಯಕಿರಣಗಳ ಕಿರೀಟವಿದೆ. ತಾಯಿಯ ನಾಣ್ಯದಲ್ಲಿ ಆಕೆಯ ಭುಜಗಳ ಕೆಳಗೆ ಬಿದಿಗೆಯ ಚಂದ್ರ.