ಪಟ್ಟದಕಲ್ಲಿನ ಸೂತ್ರಧಾರಿಗಳು: ಶಾಸನ ಏನು ಹೇಳುತ್ತದೆ?

ನಮ್ಮ ಚಿಮ್ಮಡ, ಬನಹಟ್ಟಿ, ಮುಧೋಳ ಕಡೆಯವರು ಪ್ರವಾಸ ಹೊರಟರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡದೆ ಬರೋದಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಂದೆ ನಿಂತಾಗ ಒಂದು ಕಥೆ ಕಿವಿಗೆ ಬಿದ್ದೇ ಬೀಳುತ್ತದೆ: "ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಅಲ್ಲಿಯ ಶಿಲ್ಪಿಗಳನ್ನು ಹಿಡಿದು ತಂದ, ಅವರ ಕೈಲಿ ಈ ಗುಡಿ ಕಟ್ಟಿಸಿದ." 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತಾಣ ಇದು. ಹಾಗಾದರೆ ಗುಡಿಯ ಕಲ್ಲೇ ಏನು ಹೇಳುತ್ತದೆ, ನೋಡೋಣ.

ಪೂರ್ವದ ಬಾಗಿಲಿನ ಶಾಸನ ಹಳಗನ್ನಡದ್ದು. ವಿಕ್ರಮಾದಿತ್ಯನು ಕಂಚಿಯನ್ನು "ಮೂಮೆ", ಅಂದರೆ ಮೂರು ಸಲ, ಸೋಲಿಸಿದನೆಂದು ಅದು ಹೇಳುತ್ತದೆ. ಗುಡಿ ಮಾಡಿಸಿದವಳು ಅವನ ರಾಣಿ ಲೋಕಮಹಾದೇವಿ. ಅದಕ್ಕೇ ಆಗ ಇದರ ಹೆಸರು ಲೋಕೇಶ್ವರ. ಕಟ್ಟಿದ ಸೂತ್ರಧಾರಿ ಗುಂಡ, ಅನಿವಾರಿತಾಚಾರಿ. 'ಅನಿವಾರಿತ' ಅನ್ನೋದು ಚಾಲುಕ್ಯ ಅರಸರ ಬಿರುದು. ಅದೇ ಈ ಕುಶಲಕರ್ಮಿಯ ಹೆಸರಿನಲ್ಲೂ ಕೂತಿದೆ. ಅವನಿಗೆ 'ಪೆರ್ಜೆರೆಪು' ಎಂಬ ಗೌರವದ ಪಟ್ಟ ಕಟ್ಟಿದ್ದನ್ನೂ ಶಾಸನ ದಾಖಲಿಸುತ್ತದೆ.

ಅದೇ ಗುಡಿಯ ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿಯದು. ಅವನು ಅನೇಕ ಪುರಗಳ ವಾಸ್ತುವಿಗೆ ಪಿತಾಮಹನಂತೆ. ಪ್ರಾಸಾದ, ವಾಹನ, ಆಸನ, ಮಂಚ, ಮಣಿಮಕುಟ, ಇವೆಲ್ಲದರಲ್ಲೂ ಚೂಡಾಮಣಿಯಂತೆ. ಕೊನೆಗೆ ಅವನನ್ನು "ತೆಂಕಣ ದಿಶೆಯ ಸೂತ್ರಧಾರಿ" ಎಂದು ಕರೆದಿದೆ. ಪ್ರವಾಸಿ ಕಥೆಗೆ ಆಧಾರವಾಗಿ ತೋರಿಸೋದು ಈ ಮಾತನ್ನೇ. ಆದರೆ 'ತೆಂಕಣ ದಿಶೆ' ಅಂದರೆ ದಕ್ಷಿಣ ದಿಕ್ಕು, ಅಷ್ಟೇ. ಕಂಚಿಯ ಹೆಸರಾಗಲಿ, ಸೆರೆಯ ಸುದ್ದಿಯಾಗಲಿ ಆ ಮಾತಿನಲ್ಲಿಲ್ಲ. ವಿಮಾನದ ದ್ರಾವಿಡ ಶೈಲಿಗೂ ಕಂಚಿಯ ಕೈಲಾಸನಾಥ ಗುಡಿಗೂ ಹತ್ತಿರದ ನಂಟು ಇರೋದು ನಿಜ. ನೋಡಿ ಕಲಿತದ್ದಿರಬಹುದು, ತೆಂಕಣದವರು ತಾವಾಗಿ ಬಂದದ್ದೂ ಇರಬಹುದು. ಶೈಲಿಯ ಹೋಲಿಕೆಯೊಂದರಿಂದಲೇ ಸೆರೆಯಾಳುಗಳ ಕಥೆ ಹುಟ್ಟಿಸಲಾಗದು.

ಇದಕ್ಕೆ ಜೋಡಿ ಸಾಕ್ಷಿ ಕಂಚಿಯಲ್ಲೇ ಇದೆ. ಪಲ್ಲವ ರಾಜಸಿಂಹ ಕಟ್ಟಿಸಿದ ಆ ಕೈಲಾಸನಾಥ ಗುಡಿಯ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನ ಉಂಟು. ಕಂಚಿಯನ್ನು ಗೆದ್ದ ಮೇಲೆ ಗುಡಿಯ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಮರಳಿ ಬಿಟ್ಟ ಎಂದು ಅದು ಹೇಳುತ್ತದೆ. ಗೆದ್ದವನೇ ಬರೆಸಿಕೊಂಡ ಮಾತು ಇದು, ಹೊಗಳಿಕೆ ಇದ್ದೇ ಇರುತ್ತದೆ. ಆದರೂ ತಾನು ಹೇಗೆ ನೆನಪಾಗಬೇಕು ಅಂತ ಅವನು ಬಯಸಿದ ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಕೆಲಸಗಾರನ ಹೆಸರು ಹೀಗೆ ಉಳಿಯೋದು ಎಲ್ಲಾ ಕಡೆ ಕಾಣುವಂಥದ್ದಲ್ಲ. ತಾಜ್ ಮಹಲಿನ ಗೋಡೆಯ ಮೇಲೆ ಸಹಿ ಇರುವುದು ಅಕ್ಷರ ಬರೆದ ಅಮಾನತ್ ಖಾನನದು. ಕಟ್ಟಡದ ವಿನ್ಯಾಸ ಮಾಡಿದವನ ಸಹಿ ಅಲ್ಲಿಲ್ಲ. ನಮ್ಮ ಪಟ್ಟದಕಲ್ಲಿನಲ್ಲಿ ರಾಣಿ, ಸೂತ್ರಧಾರಿಗಳು ಇಬ್ಬರ ಪಾಲಿನದೂ ಕಲ್ಲಿನಲ್ಲಿದೆ. ಗಾಯಕರಿಗೆ ವಿಜಯಾದಿತ್ಯ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಉಳಿಸಿಕೊಟ್ಟ ಸಂಗತಿಯೂ ಅಲ್ಲೇ ಇದೆ.

ಗುಂಡನಿಗೆ ಪಟ್ಟ ಕಟ್ಟಿದರು, ಸರ್ವಸಿದ್ಧಿ ಆಚಾರಿಯನ್ನು ಚೂಡಾಮಣಿ ಎಂದರು. ಅಂಥವರನ್ನು ಸೆರೆಯಾಳು ಅನ್ನೋದು ಅವರಿಗೆ ಸಿಕ್ಕ ಮಾನವನ್ನು ಕಸಿದುಕೊಂಡ ಹಾಗೆ. ಮುಂದಿನ ಸಲ ಹೋದಾಗ ಗೋಪುರದ ಫೋಟೋ ತೆಗೆಯುವ ಮುಂಚೆ ಪೂರ್ವದ ಬಾಗಿಲಿನ ಹತ್ತಿರ ಒಂದೆರಡು ನಿಮಿಷ ನಿಲ್ಲಿ. ಅಕ್ಷರ ಎದ್ದು ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಅವು ತಾವೇ ಕಾಣುತ್ತವೆ.